ಖರೆತ್ಸ: ಕಡಿದಾದ ಬಂಡೆಗಳ ನಡುವಿನ ಸುರುಳಿ ಲೋಳೆಸರ

ಕನ್ನಡ ನಾಡಿನಲ್ಲಿ ಲೋಳೆಸರವನ್ನು ಅರಿಯದ ಮನೆ ವಿರಳ. ಸುಟ್ಟ ಗಾಯಕ್ಕೆ ಅದರ ಲೋಳೆಯನ್ನು ಲೇಪಿಸುವವರುಂಟು. ತಲೆಗೂದಲಿಗೆ ಹಚ್ಚಿ ತೊಳೆಯುವವರುಂಟು. ದೃಷ್ಟಿ ತಾಗದಿರಲೆಂದು ಅದನ್ನು ಬೇರುಸಹಿತ ಕಿತ್ತು, ಮನೆಯ ಅಥವಾ ಅಂಗಡಿಯ ಬಾಗಿಲಿನ ಮೇಲೆ ತಲೆಕೆಳಗಾಗಿ ತೂಗುಹಾಕುವ ರೂಢಿಯಂತೂ ಊರೂರಿನಲ್ಲಿದೆ. ಹಾಗೆ ತೂಗುಹಾಕಿದ ಗಿಡವು ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಹಸುರಾಗಿಯೇ ಉಳಿಯುತ್ತದೆ. ಎಷ್ಟೋ ವೇಳೆ ತನ್ನ ತುದಿಯನ್ನು ಮೇಲಕ್ಕೆ ಬಾಗಿಸಿ ಬೆಳೆಯಲೂ ಯತ್ನಿಸುತ್ತದೆ. ಇದನ್ನು ಕಂಡವರಿಗೆ, ಈ ಜಾತಿಯ ಗಿಡಗಳನ್ನು ಕೊಲ್ಲುವುದೇ ಕಷ್ಟವೆಂಬ ಭಾವನೆ ಮೂಡಿದರೆ ಆಶ್ಚರ್ಯವಿಲ್ಲ.

ಆದರೆ ಇದೇ ಕುಲಕ್ಕೆ ಸೇರಿದ ಇನ್ನೊಂದು ಗಿಡದ ಕಥೆ ಇದಕ್ಕೆ ತೀರ ವಿರುದ್ಧವಾದುದು. ಅದನ್ನು ಮೂಲ ನೆಲೆಯಿಂದ ಎಷ್ಟೇ ಜೋಪಾನವಾಗಿ ಎತ್ತಿ ತಂದರೂ, ಬೆಲೆಬಾಳುವ ಕುಂಡದಲ್ಲಿ ನೆಟ್ಟು ನಿತ್ಯವೂ ಆರೈಕೆ ಮಾಡಿದರೂ, ಕೆಲವೇ ವರ್ಷಗಳಲ್ಲಿ ಅದು ಸಾಯುವುದೇ ಹೆಚ್ಚು. ದಕ್ಷಿಣ ಆಫ್ರಿಕ ಖಂಡಭಾಗದ ಲೆಸೋಥೊ ಎಂಬ ಪುಟ್ಟ ರಾಜ್ಯದ ಪರ್ವತಗಳಲ್ಲಲ್ಲದೆ ಬೇರೆಲ್ಲಿಯೂ ಸಹಜವಾಗಿ ಬೆಳೆಯದ ಈ ಗಿಡವನ್ನು ಅಲ್ಲಿನ ಜನ ತಮ್ಮ ಭಾಷೆಯಲ್ಲಿ ‘ಖರೆತ್ಸ’ ಎಂದು ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು ‘ಅಲೋ ಪಾಲಿಫಿಲ್ಲಾ’. ‘ಬಹುಪರ್ಣಿ’ ಎಂದು ಅದರ ಅರ್ಥ. ಒಂದು ಗಿಡವನ್ನು ಬೆಳೆಸುವುದೆಂದರೇನು, ಅದನ್ನು ವಶಪಡಿಸಿಕೊಳ್ಳುವುದೆಂದರೇನು ಎಂಬ ಭೇದವನ್ನು ಈ ಗಿಡದಷ್ಟು ಸ್ಪಷ್ಟವಾಗಿ ಕಲಿಸುವ ಸಸ್ಯಗಳು ಕಡಿಮೆ. ಆದುದರಿಂದ ಅದರ ಪರಿಚಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯುಕ್ತವಾದೀತು.

ನೆಲೆ ಮತ್ತು ವಾಯುಗುಣ

ಲೆಸೋಥೊ ನಾಲ್ಕೂ ದಿಕ್ಕಿನಲ್ಲಿ ದಕ್ಷಿಣ ಆಫ್ರಿಕ ಗಣರಾಜ್ಯದಿಂದ ಸುತ್ತುವರಿಯಲ್ಪಟ್ಟ ರಾಜ್ಯ. ‘ಬಸೂಟೊಲ್ಯಾಂಡ್’ ಎಂಬ ಹೆಸರಿನಲ್ಲಿ ಬ್ರಿಟಿಷರ ಅಧೀನದಲ್ಲಿದ್ದು, 1966ರಲ್ಲಿ ಸ್ವತಂತ್ರವಾಯಿತು. ಅದರ ಅತ್ಯಂತ ತಗ್ಗಿನ ಸ್ಥಳವೂ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಅತ್ಯುನ್ನತ ಶಿಖರವಾದ ಥಬಾನಾ ಎನ್‌ಟ್ಲೆನ್ಯಾನಾ 3,482 ಮೀಟರ್ ಎತ್ತರವಿದೆ. ಕೋಟ್ಯಂತರ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾರಸವು ಪದರ ಪದರವಾಗಿ ಹೆಪ್ಪುಗಟ್ಟಿ ಉಂಟಾದ ಕಪ್ಪು ಬಸಾಲ್ಟ್ ಶಿಲೆಯೇ ಈ ಪರ್ವತಗಳ ಮೈ. ನಮ್ಮ ಉತ್ತರ ಕರ್ನಾಟಕದ ಕರಿಕಲ್ಲಿನ ಪ್ರದೇಶವೂ ಇಂಥದೇ ಲಾವಾಪ್ರವಾಹದಿಂದ ಆದುದೆಂಬುದನ್ನು ಇಲ್ಲಿ ನೆನೆಯಬಹುದು. ಕಾಲ ಬೇರೆ, ಕ್ರಮ ಒಂದೇ.

ಖರೆತ್ಸ ಬೆಳೆಯುವುದು ಈ ಪರ್ವತಗಳ 2,200ರಿಂದ 2,700 ಮೀಟರುಗಳವರೆಗಿನ ಎತ್ತರದ ಕಡಿದಾದ ಇಳಿಜಾರುಗಳಲ್ಲಿ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಎಂದರೆ, ನಮ್ಮ ನಾಡಿನ ತುತ್ತತುದಿಯ ಮೇಲೆ ನಿಂತರೂ ಖರೆತ್ಸದ ನೆಲೆಯ ಕೆಳಗಿನ ಅಂಚನ್ನು ಮುಟ್ಟಿದಂತಾಗದು. ಅಲ್ಲಿ ಮಂಜು ಪದೇ ಪದೇ ಕವಿಯುತ್ತದೆ. ಮಳೆಯ ಬಹುಭಾಗ ಬೇಸಗೆಯ ತಿಂಗಳುಗಳಲ್ಲಿ ಸುರಿಯುತ್ತದೆ. ಚಳಿಗಾಲದಲ್ಲಿ, ಎಂದರೆ ನಮ್ಮ ಜೂನ್‌ನಿಂದ ಆಗಸ್ಟ್‌ವರೆಗೆ, ಗಿಡದ ಮೇಲೆ ಹಿಮ ಬೀಳುವುದೂ ಉಂಟು.

ಈ ನೆಲೆಯ ಒಂದು ಗುಣವನ್ನು ಮುಖ್ಯವಾಗಿ ಗಮನಿಸಬೇಕು. ಇಳಿಜಾರಿನಲ್ಲಿ ಹರಡಿದ ಬಂಡೆಚೂರುಗಳ ಸಂದಿನಲ್ಲಿ ಗಿಡದ ಬೇರು ಇಳಿದಿರುತ್ತದೆ. ಮಳೆಗಾಲದಲ್ಲಿ ಆ ಸಂದುಗಳೊಳಗೆ ತಣ್ಣೀರು ಸದಾ ಜಿನುಗುತ್ತಿರುತ್ತದೆ. ಆದರೆ ಎಲ್ಲಿಯೂ ನಿಲ್ಲುವುದಿಲ್ಲ. ಬೇರಿಗೆ ನೀರಿದೆ, ನೀರಿನೊಡನೆ ಗಾಳಿಯೂ ಇದೆ, ಕಲ್ಲಿನ ನೆರಳಿನ ತಂಪೂ ಇದೆ. ಎಲೆಗಳಿಗಾದರೋ ಪರ್ವತಶಿಖರದ ಪ್ರಖರ ಬಿಸಿಲು. ಕಾಲು ತಣ್ಣೀರಿನಲ್ಲಿ, ತಲೆ ಬಿಸಿಲಿನಲ್ಲಿ ಎಂಬ ಈ ಸ್ಥಿತಿಯೇ ಖರೆತ್ಸದ ಜೀವನಸೂತ್ರ.

ರೂಪ ಮತ್ತು ಸುರುಳಿ

ಖರೆತ್ಸಕ್ಕೆ ಎದ್ದುಕಾಣುವ ಕಾಂಡವಿಲ್ಲ. ನೆಲಕ್ಕೆ ಅಂಟಿದಂತೆ ದುಂಡಾಗಿ ಹರಡುವ ಎಲೆಗಳ ಚಕ್ರವೇ ಗಿಡ. ಬಲಿತ ಗಿಡದ ಅಗಲ ಸುಮಾರು 80 ಸೆಂಟಿಮೀಟರ್ ಆಗುತ್ತದೆ. ಎಲೆಗಳು ದಪ್ಪ, ಬೂದುಮಿಶ್ರಿತ ಹಸುರು. ಅಂಚಿನಲ್ಲಿ ಬಿಳಿಚಾದ ಮುಳ್ಳುಹಲ್ಲುಗಳು, ತುದಿಯಲ್ಲಿ ಕಪ್ಪು ಛಾಯೆಯ ಒಣ ಮೊನೆ. ಒಂದೊಂದು ಸಾಲಿಗೆ 15ರಿಂದ 30ರಂತೆ ಐದು ಸಾಲುಗಳಲ್ಲಿ ಒಟ್ಟು 75ರಿಂದ 150 ಎಲೆಗಳಿರುತ್ತವೆ. ಈ ಐದು ಸಾಲುಗಳೂ ನೇರವಾಗಿರದೆ, ಕೇಂದ್ರದಿಂದ ಹೊರಕ್ಕೆ ಸುರುಳಿಯಾಗಿ ತಿರುಗಿರುತ್ತವೆ. ಮೇಲಿನಿಂದ ನೋಡಿದವರಿಗೆ ಯಾರೋ ಕೈವಾರ ಹಿಡಿದು ಎಳೆದ ರಂಗವಲ್ಲಿಯಂತೆ ತೋರುತ್ತದೆ.

ಎಳೆಯ ಗಿಡದಲ್ಲಿ ಈ ಸುರುಳಿ ಇರುವುದಿಲ್ಲ. ಗಿಡ ಸುಮಾರು ಒಂದು ಗೇಣಿನಷ್ಟು ಅಗಲವಾದ ಮೇಲೆ ಸಾಲುಗಳು ತಿರುಗತೊಡಗುತ್ತವೆ. ಕೆಲವು ಗಿಡಗಳ ಸುರುಳಿ ಪ್ರದಕ್ಷಿಣವಾಗಿರುತ್ತದೆ, ಕೆಲವುಗಳದು ಅಪ್ರದಕ್ಷಿಣ. ಭೂಮಧ್ಯರೇಖೆಯ ದಕ್ಷಿಣದಲ್ಲಿರುವುದರಿಂದ ಹೀಗೆ ತಿರುಗುತ್ತದೆಂಬ ಮಾತು ಆಗಾಗ ಕೇಳಿಬರುವುದಾದರೂ ಅದು ನಿಜವಲ್ಲ. ಒಂದೇ ಇಳಿಜಾರಿನಲ್ಲಿ ಎರಡು ಬಗೆಯ ಗಿಡಗಳೂ ಅಕ್ಕಪಕ್ಕದಲ್ಲಿ ಬೆಳೆಯುತ್ತವೆ.

ಐದು ಸಾಲುಗಳು ಸುರುಳಿಯಾಗುವ ಬಗೆಯನ್ನು ತರಗತಿಯಲ್ಲಿ ಕೋನಮಾಪಕದ ಸಹಾಯದಿಂದ ತೋರಿಸಬಹುದು. ಕಾಗದದ ಮಧ್ಯದಲ್ಲಿ ಒಂದು ಬಿಂದುವನ್ನಿಟ್ಟು, ಪ್ರತಿಯೊಂದು ‘ಎಲೆ’ಯನ್ನೂ ಹಿಂದಿನದರಿಂದ 144 ಅಂಶಗಳಷ್ಟು ತಿರುಗಿಸಿ, ಕೇಂದ್ರದಿಂದ ತುಸು ತುಸು ದೂರಕ್ಕೆ ಗುರುತಿಸುತ್ತ ಹೋಗಬೇಕು. ಐದು ಎಲೆಗಳಾಗುವಷ್ಟರಲ್ಲಿ 720 ಅಂಶಗಳು, ಎಂದರೆ ಸರಿಯಾಗಿ ಎರಡು ಸುತ್ತು ಮುಗಿದು, ಆರನೆಯ ಎಲೆ ಮೊದಲನೆಯದರ ನೇರಕ್ಕೇ ಬರುತ್ತದೆ. ಐದು ನೇರ ಸಾಲುಗಳಾಗುತ್ತವೆ. ಇನ್ನು 144ರ ಬದಲು 140 ಅಂಶಗಳನ್ನು ಬಳಸಿದರೆ, ಐದು ಎಲೆಗಳಿಗೆ 700 ಅಂಶಗಳಾಗಿ, ಆರನೆಯ ಎಲೆ 20 ಅಂಶ ಹಿಂದೆ ಉಳಿಯುತ್ತದೆ. ಸಾಲುಗಳು ಬಾಗಿ ಸುರುಳಿಯಾಗುತ್ತವೆ. ಕೋನಮಾಪಕವನ್ನು ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಸುರುಳಿಯೂ ವಿರುದ್ಧವಾಗುತ್ತದೆ. ಪ್ರಕೃತಿಯ ಭವ್ಯವಾದ ವಿನ್ಯಾಸಕ್ಕೆ ಒಂದು ಸಣ್ಣ ಕೋನದ ವ್ಯತ್ಯಾಸವೇ ಸಾಕೆಂಬುದನ್ನು ಮಕ್ಕಳು ತಮ್ಮ ಕೈಯಿಂದಲೇ ಕಂಡುಕೊಳ್ಳುತ್ತಾರೆ.

ಹೂವು, ಹಕ್ಕಿ ಮತ್ತು ಬೀಜ

ಅಲ್ಲಿನ ವಸಂತದಲ್ಲಿ, ನಮಗೆ ಆಗಸ್ಟ್ ಸೆಪ್ಟೆಂಬರ್ ಕಳೆಯುವ ಹೊತ್ತಿಗೆ, ಬಲಿತ ಗಿಡದ ನಡುವಿನಿಂದ ಕವಲೊಡೆದ ಹೂದಂಡು ಏಳುತ್ತದೆ. ಕವಲುಗಳ ತುದಿಯಲ್ಲಿ ನಸುಗೆಂಪು ನಾಳದಂತಹ ಹೂಗಳು ಗೊಂಚಲಾಗಿರುತ್ತವೆ. ಹಳದಿ ಹೂವಿನ ಗಿಡಗಳು ಅಪರೂಪ. ಈ ಹೂಗಳಿಗೆ ಬರುವ ಮುಖ್ಯ ಅತಿಥಿ ಮ್ಯಾಲಕೈಟ್ ಸೂರಕ್ಕಿ. ನಮ್ಮ ತೋಟಗಳ ಸೂರಕ್ಕಿಯ ಬಳಗಕ್ಕೇ ಸೇರಿದ, ಗಂಡಿಗೆ ಲೋಹದಂತೆ ಹೊಳೆಯುವ ಹಸುರು ಮೈಯಿರುವ ಹಕ್ಕಿಯದು. ಬಾಗಿದ ಕೊಕ್ಕನ್ನು ಹೂವಿನಾಳಕ್ಕೆ ಇಳಿಸಿ ಮಕರಂದವನ್ನು ಹೀರುವಾಗ ಪರಾಗ ಅದರ ಮೈಗೆ ತಗಲಿ, ಇನ್ನೊಂದು ಗಿಡವನ್ನು ಸೇರುತ್ತದೆ.

ಲೋಳೆಸರದ ಕುಲದ ಬಹುಪಾಲು ಗಿಡಗಳು ತಮ್ಮದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಖರೆತ್ಸದಲ್ಲಿಯೂ ಒಳ್ಳೆಯ ಬೀಜಕ್ಕೆ ಬೇರೊಂದು ಗಿಡದ ಪರಾಗ ಬೇಕು. ಇದರ ಪರಿಣಾಮವನ್ನು ಯೋಚಿಸಿ ನೋಡಬೇಕು. ಒಂದು ಇಳಿಜಾರಿನಿಂದ ಹತ್ತು ಗಿಡಗಳನ್ನು ಕಿತ್ತರೆ ನಷ್ಟವಾಗುವುದು ಹತ್ತು ಗಿಡಗಳಷ್ಟೇ ಅಲ್ಲ. ಉಳಿದ ಗಿಡಗಳ ನಡುವಣ ಅಂತರ ಹೆಚ್ಚಿ, ಅವುಗಳ ಬೀಜವೂ ಕುಗ್ಗುತ್ತದೆ. ಹಕ್ಕಿ ವಿರಳವಾದರೂ ಅದೇ ಫಲ. ಮೇಲಾಗಿ, ಖರೆತ್ಸ ಸಾಮಾನ್ಯ ಲೋಳೆಸರದಂತೆ ಬುಡದಲ್ಲಿ ಮರಿಗಳನ್ನು ಧಾರಾಳವಾಗಿ ಬಿಡುವ ಗಿಡವಲ್ಲ. ಹೆಚ್ಚಾಗಿ ಒಂಟಿಯಾಗಿಯೇ ಬೆಳೆಯುತ್ತದೆ. ವಂಶ ಮುಂದುವರಿಯಲು ಅದಕ್ಕೆ ಬೀಜವೇ ಮುಖ್ಯ ಆಧಾರ.

ಕಿತ್ತೊಯ್ದವರ ಅನುಭವ

1915ರ ಸುಮಾರಿಗೆ ಈ ಗಿಡ ಸಸ್ಯಪ್ರಿಯರ ಗಮನಕ್ಕೆ ಬಂದಿತು. 1934ರಲ್ಲಿ ನೆವಿಲ್ ಪಿಲನ್ಸ್ ಎಂಬ ಸಸ್ಯಶಾಸ್ತ್ರಜ್ಞರು ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಇದಾದ ನಾಲ್ಕೇ ವರ್ಷಗಳಲ್ಲಿ, 1938ರಲ್ಲಿ, ಅದಕ್ಕೆ ಕಾನೂನಿನ ರಕ್ಷಣೆ ಕೊಡಬೇಕಾಗಿ ಬಂದಿತೆಂದರೆ, ಜನರ ಆಸೆ ಎಷ್ಟು ಬೇಗ ಬೆಟ್ಟವನ್ನೇರಿತೆಂಬುದು ತಿಳಿಯುತ್ತದೆ. ಸುರುಳಿಯ ಸೌಂದರ್ಯವೇ ಗಿಡಕ್ಕೆ ಶತ್ರುವಾಯಿತು. ಕಾನೂನಿದ್ದರೂ ಗಿಡಗಳನ್ನು ಕಿತ್ತು ಮಾರುವುದು ಪೂರ್ಣವಾಗಿ ನಿಲ್ಲಲಿಲ್ಲ. ದನ, ಕುರಿ, ಮೇಕೆಗಳ ತುಳಿತಕ್ಕೆ ಸಿಕ್ಕಿ ಎಳೆಯ ಸಸಿಗಳು ಹಾಳಾಗುವುದೂ ಸೇರಿಕೊಂಡಿತು. ಇಂದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, 1973ರಲ್ಲಿ ರೂಪುಗೊಂಡ ‘ಸೈಟಿಸ್’ ಒಪ್ಪಂದದ ಮೊದಲನೆಯ ಅನುಬಂಧದಲ್ಲಿ ಖರೆತ್ಸ ಸೇರಿದೆ. ಕಾಡಿನಿಂದ ತೆಗೆದ ಗಿಡಗಳ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸುವ ಅತ್ಯಂತ ಕಟ್ಟುನಿಟ್ಟಿನ ಪಟ್ಟಿ ಅದು.

ವಿಪರ್ಯಾಸವೆಂದರೆ, ಕಿತ್ತೊಯ್ದವರಿಗೂ ಗಿಡ ದಕ್ಕಲಿಲ್ಲ. ಕಿತ್ತ ಗಿಡ ಮೊದಲ ಒಂದೆರಡು ವರ್ಷ ಚೆನ್ನಾಗಿಯೇ ಇರುವಂತೆ ತೋರುತ್ತದೆ. ಎಲೆಗಳಲ್ಲಿ ಕೂಡಿಟ್ಟ ನೀರು ಮತ್ತು ಆಹಾರದ ಬಲದಿಂದ ಅದು ಬದುಕಿರುತ್ತದೆ. ಲೋಳೆಸರದ ಕುಲದ ಗಿಡಗಳು ಎಲೆಯ ಸೂಕ್ಷ್ಮರಂಧ್ರಗಳನ್ನು ಹಗಲಿನಲ್ಲಿ ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಸಂಗ್ರಹಿಸಿಕೊಳ್ಳುತ್ತವೆ. ಹಗಲಿನಲ್ಲಿ ಬಾಗಿಲು ತೆರೆಯದೆಯೇ ಬೆಳಕಿನ ಸಹಾಯದಿಂದ ಅದನ್ನು ಆಹಾರವಾಗಿ ಮಾರ್ಪಡಿಸುತ್ತವೆ. ಬಾಗಿಲ ಮೇಲೆ ತೂಗುಹಾಕಿದ ಲೋಳೆಸರ ಬಾಡದಿರುವುದೂ ಈ ಮಿತವ್ಯಯದಿಂದಲೇ. ಆದರೆ ಉಳಿತಾಯದಿಂದ ಬದುಕುವುದು ಬೇರೆ, ದುಡಿದು ಬದುಕುವುದು ಬೇರೆ. ಹೊಸ ಬೇರು ನೆಲಕ್ಕೆ ಹೊಂದಿಕೊಳ್ಳದಿದ್ದರೆ ಗಿಡದ ಅಂತ್ಯ ಮುಂದೂಡಲ್ಪಡುತ್ತದೆಯೇ ಹೊರತು ತಪ್ಪುವುದಿಲ್ಲ.

ಖರೆತ್ಸದ ಬೇರಿಗೆ ವೈರಿಗಳು ಎರಡು: ಕಾದ ಮಣ್ಣು ಮತ್ತು ನಿಂತ ನೀರು. ಮಣ್ಣು ಬಿಸಿಯಾಗಿ, ಅದರಲ್ಲಿ ನೀರು ನಿಂತಿತೆಂದರೆ ಗಾಳಿಯಿಲ್ಲದೆ ಬೇರು ಉಸಿರುಗಟ್ಟುತ್ತದೆ. ಕೊಳೆಸುವ ಶಿಲೀಂಧ್ರಗಳು ಬೇರನ್ನು ಹೊಕ್ಕು ಬುಡಕ್ಕೇರುತ್ತವೆ. ಹೊರಗೆ ಎಲೆಗಳು ಹಸುರಾಗಿರುವಾಗಲೇ ಒಳಗೆ ಬುಡ ಕೊಳೆತಿರುತ್ತದೆ. ಸ್ಥಾವರ, ಜಂಗಮ ಎಂಬ ಮಾತುಗಳನ್ನು ಬಾಲ್ಯದಿಂದ ಕೇಳಿ ಬೆಳೆದವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಗಿಡ ಕದಲದೆ ನಿಂತಿರುವುದು ದಿಟ; ಅದನ್ನು ಬದುಕಿಸುವುದು ಮಾತ್ರ ಅದರ ಕಾಲಡಿಯಲ್ಲಿ ನಿಲ್ಲದೆ ನಡೆಯುವ ನೀರು. ಗಿಡವನ್ನು ಕಿತ್ತೊಯ್ದವನು ನಿಂತದ್ದನ್ನು ಕಂಡನೇ ಹೊರತು ನಡೆಯುವುದನ್ನು ಕಾಣಲಿಲ್ಲ.

ಬೀಜದಿಂದ ಬೆಳೆಸುವ ಕ್ರಮ

ಖರೆತ್ಸವನ್ನು ಬೆಳೆಸುವುದು ಅಸಾಧ್ಯವೆಂದು ಇದರಿಂದ ಭಾವಿಸಬಾರದು. ತಂಪು ಸೀಮೆಗಳ ಸಸ್ಯೋದ್ಯಾನಗಳಲ್ಲಿಯೂ ಸಸ್ಯಪಾಲನಾಲಯಗಳಲ್ಲಿಯೂ ಬೀಜದಿಂದ ಬೆಳೆದ ಗಿಡಗಳು ಹೂಬಿಟ್ಟು ನಲಿಯುತ್ತಿವೆ. ಅಮೆರಿಕದ ಕ್ಯಾಲಿಫೋರ್ನಿಯದ ಕರಾವಳಿಯ ತಂಪು ಹವೆ ಅದಕ್ಕೆ ಚೆನ್ನಾಗಿ ಒಗ್ಗಿದೆ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯ ಮೂಲಕವೂ ಸಸಿಗಳನ್ನು ಪಡೆಯುವ ವಿಧಾನಗಳು ಸಿದ್ಧವಾಗಿವೆ. ಹೀಗೆ ಬೆಳೆಸಿದ ಗಿಡಗಳು ಸುಲಭವಾಗಿ ದೊರೆತಷ್ಟೂ ಬೆಟ್ಟದ ಗಿಡದ ಮೇಲಿನ ಆಸೆ ಕಡಿಮೆಯಾಗಬೇಕು.

ಬೀಜ ಹೊಸದಾಗಿದ್ದಷ್ಟೂ ಒಳ್ಳೆಯದು. ಅನುಭವಿಗಳಾದ ಬೆಳೆಗಾರರಲ್ಲಿ ಹಲವರು ಬೀಜವನ್ನು ಮಣ್ಣಿನಲ್ಲಿ ಹೂಳುವುದಿಲ್ಲ. ಆಳವಿಲ್ಲದ ಬಟ್ಟಲಿನಲ್ಲಿ ಶುದ್ಧವಾದ ನೀರನ್ನು ತುಂಬಿ ಅದರ ಮೇಲೆ ತೇಲಬಿಡುತ್ತಾರೆ. ಬಟ್ಟಲನ್ನು ಬೆಳಕು ಬೀಳುವ, ಆದರೆ ನೇರ ಬಿಸಿಲು ತಾಗದ ತಂಪಾದ ಸ್ಥಳದಲ್ಲಿಟ್ಟು, ನೀರು ಕೆಡದಂತೆ ಆಗಾಗ ಬದಲಿಸುತ್ತಾರೆ. ಕೆಲವು ವಾರಗಳಲ್ಲಿ ಬಿಳಿಯ ಬೇರು ಇಣುಕುತ್ತದೆ. ಆಗ ಮೊಳಕೆಯನ್ನು ಮೃದುವಾಗಿ ಎತ್ತಿ, ಬೇರು ಮುರಿಯದಂತೆ ದಪ್ಪ ಮರಳಿನ ಮಿಶ್ರಣದ ಮೇಲೆ ಕೂರಿಸಬೇಕು. ಈ ಅವಸ್ಥೆಯಲ್ಲಿ ಒಂದು ದಿನವೂ ಒಣಗಗೊಡಬಾರದು.

ಸಸಿ ಬೆಳೆದ ಮೇಲೆ ನಾಲ್ಕು ಅಂಶಗಳನ್ನು ನೆನಪಿಡಬೇಕು.

ಮೊದಲನೆಯದು ಮಣ್ಣು. ದಪ್ಪ ಮರಳು, ಸಣ್ಣ ಜಲ್ಲಿ, ಹಗುರವಾದ ರಂಧ್ರಯುಕ್ತ ಕಲ್ಲುಚೂರು ಇವು ಹೆಚ್ಚಾಗಿಯೂ, ಚೆನ್ನಾಗಿ ಕಳಿತ ಎಲೆಗೊಬ್ಬರ ಕಡಿಮೆಯಾಗಿಯೂ ಇರಬೇಕು. ಮೇಲೆ ಸುರಿದ ನೀರು ನೋಡನೋಡುತ್ತಿದ್ದಂತೆ ಕೆಳಗಿಳಿದು ಹೋಗಬೇಕು.

ಎರಡನೆಯದು ಓರೆ. ಗಿಡವನ್ನು ಸಮತಟ್ಟಾಗಿ ನೆಡದೆ, ಬೆಟ್ಟದ ಇಳಿಜಾರಿನಲ್ಲಿ ಇದ್ದಂತೆ ಓರೆಯಾಗಿ ನೆಡಬೇಕು. ಇಲ್ಲವಾದರೆ ಬೋಗುಣಿಯಂತಿರುವ ಎಲೆಗಳ ನಡುವೆ ನೀರು ನಿಂತು ಸುಳಿ ಕೊಳೆಯುತ್ತದೆ.

ಮೂರನೆಯದು ಬೇರಿನ ತಂಪು. ಬಿಸಿಲಿಗೆ ಕಾಯುವ ಕಪ್ಪು ಪ್ಲಾಸ್ಟಿಕ್ ಕುಂಡ ಇದಕ್ಕೆ ಸಲ್ಲದು. ಮೆರುಗಿಲ್ಲದ ಮಣ್ಣಿನ ಕುಂಡ, ಹೂಜಿಯು ನೀರನ್ನು ತಣ್ಣಗಿಡುವ ತತ್ತ್ವದಿಂದಲೇ, ಬೇರನ್ನು ತಣ್ಣಗಿಡುತ್ತದೆ. ಬುಡದ ಸುತ್ತ ಕಲ್ಲುಗಳನ್ನು ಹಾಸುವುದೂ ಒಳ್ಳೆಯದು. ಬೇರು ಕುಂಡವನ್ನು ತುಂಬಿ ಇಕ್ಕಟ್ಟಾಗುವ ಮುನ್ನವೇ ಗಿಡವನ್ನು ದೊಡ್ಡ ಕುಂಡಕ್ಕೆ ವರ್ಗಾಯಿಸಬೇಕು.

ನಾಲ್ಕನೆಯದು ನೀರಿನ ಹದ. ಕಳ್ಳಿಯ ಬಂಧುವೆಂದು ಬಗೆದು ಇದನ್ನು ಒಣಗಿಸುವುದು ತಪ್ಪು. ಬೆಳವಣಿಗೆಯ ಕಾಲದಲ್ಲಿ ಇತರ ಲೋಳೆಸರಗಳಿಗಿಂತ ಹೆಚ್ಚು ನೀರನ್ನು ಬಯಸುತ್ತದೆ. ಬೆಳವಣಿಗೆ ನಿಂತ ಕಾಲದಲ್ಲಿ ನೀರನ್ನು ಕಡಿಮೆ ಮಾಡಬೇಕು. ಎಲೆಯ ಸಂದಿನಲ್ಲಿ ಬಿಳಿ ಹಿಟ್ಟುತಿಗಣೆ ಸೇರದಂತೆ ಆಗಾಗ ಪರೀಕ್ಷಿಸಬೇಕು. ಕಣ್ಣಿಗೆ ಕಾಣದ ಒಂದು ಬಗೆಯ ನುಸಿಯು ಈ ಕುಲದ ಗಿಡಗಳಲ್ಲಿ ವಿಕಾರವಾದ ಗಂಟುಗಳನ್ನುಂಟುಮಾಡುತ್ತದೆ. ಅಂತಹ ಭಾಗವನ್ನು ಕತ್ತರಿಸಿ ಸುಟ್ಟುಹಾಕುವುದೇ ಕ್ಷೇಮ.

ಇಷ್ಟನ್ನು ಓದಿದವರಿಗೆ ಒಂದು ವಿಷಯ ಹೊಳೆಯದಿರದು. ಇಲ್ಲಿ ಹೇಳಿದ ಪ್ರತಿಯೊಂದು ನಿಯಮವೂ ಆ ಬೆಟ್ಟದ ಒಂದೊಂದು ಗುಣದ ಅನುವಾದ. ಜಲ್ಲಿ ಎಂದರೆ ಬಂಡೆಚೂರು, ಓರೆ ಎಂದರೆ ಇಳಿಜಾರು, ಮಣ್ಣಿನ ಕುಂಡ ಎಂದರೆ ಕಲ್ಲಿನ ನೆರಳು. ಗಿಡವನ್ನು ಬೆಟ್ಟದಿಂದ ತರುವವನು ಸೋಲುತ್ತಾನೆ. ಬೆಟ್ಟವನ್ನು ಅರಿತು ಗಿಡದ ಬಳಿಗೆ ತರುವವನು ಗೆಲ್ಲುತ್ತಾನೆ.

ಶಾಲೆಯ ತೋಟಕ್ಕೆ ಒಂದು ಪಾಠ

ನಮ್ಮ ಬಯಲುಸೀಮೆಯ ಬೇಸಗೆ ಖರೆತ್ಸಕ್ಕೆ ಒಗ್ಗುವಂಥದಲ್ಲ. ಹೊರದೇಶದಿಂದ ಅದನ್ನು ತರಿಸಲು ಅಂತರರಾಷ್ಟ್ರೀಯ ಒಪ್ಪಂದದ ಅನುಮತಿಪತ್ರಗಳೂ ಬೇಕು. ಆದುದರಿಂದ ಶಾಲೆಯ ತೋಟಕ್ಕೆ ಅದನ್ನು ತರುವ ಹಂಬಲ ಬೇಡ. ಅದರ ಪಾಠವನ್ನು ತರುವುದಕ್ಕೆ ಯಾವ ಅನುಮತಿಯೂ ಬೇಕಾಗಿಲ್ಲ, ಹಿತ್ತಲಿನ ಲೋಳೆಸರವೇ ಸಾಕು.

ಸಮಾನ ಗಾತ್ರದ ಎರಡು ಲೋಳೆಸರದ ಮರಿಗಳನ್ನು ತೆಗೆದುಕೊಂಡು, ಒಂದನ್ನು ತೂತಿಲ್ಲದ ಕುಂಡದಲ್ಲಿ ಜಿಗುಟು ಮಣ್ಣಿಗೂ, ಇನ್ನೊಂದನ್ನು ತೂತಿರುವ ಕುಂಡದಲ್ಲಿ ಮರಳು ಜಲ್ಲಿಗಳ ಮಿಶ್ರಣಕ್ಕೂ ನೆಟ್ಟು, ಎರಡಕ್ಕೂ ದಿನವೂ ಒಂದೇ ಅಳತೆಯ ನೀರನ್ನು ಹಾಕಬೇಕು. ವಿದ್ಯಾರ್ಥಿಗಳು ವಾರಕ್ಕೊಮ್ಮೆ ಎಲೆಗಳ ಬಣ್ಣ, ಬಿಗುವು, ಸಂಖ್ಯೆಗಳನ್ನು ಬರೆದಿಡಬೇಕು. ಕೆಲವು ತಿಂಗಳ ನಂತರ ಎರಡನ್ನೂ ಬಿಡಿಸಿ ಬೇರನ್ನು ಪರೀಕ್ಷಿಸಿದರೆ, ಸಮಾನವಾದ ಆರೈಕೆ ಒಂದಕ್ಕೆ ಅನ್ನವೂ ಇನ್ನೊಂದಕ್ಕೆ ವಿಷವೂ ಆದ ಬಗೆ ಕಣ್ಣಿಗೆ ಕಾಣುತ್ತದೆ. ಉಪಕಾರ ಮಾಡುವ ಮನಸ್ಸಿದ್ದರೆ ಸಾಲದು, ಉಪಕಾರ ಪಡೆಯುವವರ ನೆಲೆಯ ಅರಿವೂ ಬೇಕೆಂಬ ಮಾತು ಸಸ್ಯಪಾಲನೆಗೆ ಎಷ್ಟು ಸತ್ಯವೋ ಶಿಕ್ಷಣಕ್ಕೂ ಅಷ್ಟೇ ಸತ್ಯ.

ಇನ್ನೂ ಒಂದು ಮಾತು. ನಮ್ಮ ಗಿರಿಶ್ರೇಣಿಗಳ ಬಂಡೆಗಳ ಮೇಲೆಯೂ ಸೀತಾಳೆ ಹೂವಿನಂತಹ ಗಿಡಗಳು ಅಂಟಿಕೊಂಡು ಬದುಕಿವೆ. ಪ್ರವಾಸಕ್ಕೆ ಹೋದ ಮಕ್ಕಳು ಚೆಲುವಿಗೆ ಮನಸೋತು ಅವನ್ನು ಕಿತ್ತು ತರುವುದುಂಟು. ತಂದ ಗಿಡ ಕೆಲವು ದಿನ ನಕ್ಕು ಒಣಗುವುದೂ ಉಂಟು. ಅಂತಹ ಸಂದರ್ಭದಲ್ಲಿ ಅಧ್ಯಾಪಕರು ಗದರಿಸುವುದಕ್ಕೆ ಬದಲಾಗಿ ಖರೆತ್ಸದ ಕಥೆಯನ್ನು ಹೇಳಬಹುದು.

ಬೀಜದಿಂದ ಖರೆತ್ಸವನ್ನು ಬೆಳೆಸುವವನು ಸುರುಳಿಯನ್ನು ಕಾಣಲು ವರ್ಷಗಟ್ಟಲೆ ಕಾಯಬೇಕು. ಹೂವಿಗೆ ಇನ್ನೂ ಹೆಚ್ಚು. ಅದು ಕಾಯಕ. ಹೂಬಿಟ್ಟ ಮೇಲೂ ಒಂಟಿ ಗಿಡದಿಂದ ಬೀಜ ದೊರೆಯದಾದುದರಿಂದ, ನೆರೆಯ ಬೆಳೆಗಾರನೊಡನೆ ಪರಾಗವನ್ನೂ ಬೀಜವನ್ನೂ ಹಂಚಿಕೊಳ್ಳಬೇಕು. ಅದು ದಾಸೋಹ. ಈ ಎರಡೂ ಸೇರಿದಲ್ಲಿ ದೂರದ ಬೆಟ್ಟದ ಗಿಡ ಬೆಟ್ಟದಲ್ಲಿಯೇ ಉಳಿಯುತ್ತದೆ, ತೋಟದ ಗಿಡ ತೋಟದಲ್ಲಿ ಬೆಳೆಯುತ್ತದೆ. ಕಿತ್ತು ತಂದವನಿಗೆ ಎರಡೂ ಇಲ್ಲ.